ಬಾನಿಯಲ್ಲಿಟ್ಟ ಕಲ್ಲುಮೀನು

ನಾನು ಶಿರಾ ಕಡೆಯ ಬಯಲಿನವಳು. ಕೆರೆಯ ಮೀನು ಬಿಟ್ಟರೆ ಬೇರೆ ಮೀನು ಕಂಡವಳಲ್ಲ. ಎಪ್ಪತ್ತರ ದಶಕದಲ್ಲಿ ಕೊರಟಗೆರೆಯ ಸಿದ್ಧರಬೆಟ್ಟದ ತಪ್ಪಲಿಗೆ, ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದ ಮೇಲೆ ಕಲ್ಲುಮೀನು ಎಂಬುದನ್ನು ಕಂಡೆ. ಬೆರಳುದ್ದದ ಮೀಸೆ ಮೀನು. ಮಳೆಗಾಲದಲ್ಲಿ ಬೆಟ್ಟದ ಹಳ್ಳ ಭೋರ್ಗರೆದು ಇಳಿಯುವಾಗ, ಎದೆಯ ಸುಕ್ಕು ಚರ್ಮವನ್ನು ಬಂಡೆಗೆ ಒತ್ತಿ ಅಂಟಿಕೊಂಡುಬಿಡುತ್ತಿತ್ತು. ಕುರಿಯನ್ನೇ ಎಳೆದೊಯ್ಯುವ ನೀರು ಅದನ್ನು ಅಲ್ಲಾಡಿಸುತ್ತಿರಲಿಲ್ಲ.

ಬಸಿರು ನಿಲ್ಲದ ಹೆಂಗಸಿಗೆ ಆ ಮೀನು ತೋರಿಸುವುದು ಆ ಮನೆಯ ಪದ್ಧತಿ. ನನಗೆ ಮೊದಲೆರಡು ಬಸಿರು ಇಳಿದಿದ್ದವು. ಮೂರನೆಯ ಸಲ ಬೆಟ್ಟ ಹತ್ತಬಾರದೆಂದು ನನ್ನನ್ನು ಮನೆಯಲ್ಲೇ ಕೂರಿಸಿ, ಅತ್ತೆ ತಾವೇ ಹಳ್ಳಕ್ಕೆ ಹೋಗಿ ಮೀನನ್ನು ಅದರ ಕಲ್ಲಿನ ಸಮೇತ ತಂದರು. ಮಣ್ಣಿನ ಬಾನಿಗೆ ನೀರು ತುಂಬಿ ಅದರಲ್ಲಿ ಬಿಟ್ಟರು.

“ದಿನಾ ಬೆಳಿಗ್ಗೆ ಇದ್ನ ನೋಡು ಕಣಮ್ಮ. ಹೊಟ್ಟೇಲಿರೋದೂ ಇಂಗೇ ಕಚ್ಕಂಡಿರ್ಲಿ,” ಅಂದರು.

ನಾನೋ ಮೂಗಿನ ತುದಿಯಲ್ಲಿ ಕೋಪವಿದ್ದವಳು. “ಮೀನು ನೋಡಿದ್ರೆ ಮಗು ನಿಲ್ತದಾ?” ಎಂದು ರೇಗಿದೆ. ರೇಗಿದರೂ ದಿನಾ ನೋಡಿದೆ. ಅಷ್ಟು ಆಸೆಯಿತ್ತು.

ನಿಂತ ನೀರಿನಲ್ಲಿ ಅದು ಕಲ್ಲನ್ನು ಬಿಟ್ಟುಬಿಟ್ಟಿತು. ಒಂದು ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದಾದ ಕೆಲವೇ ದಿನಕ್ಕೆ ನನ್ನ ಬಸಿರೂ ಇಳಿಯಿತು. ಅತ್ತೆ ಬಾನಿಯನ್ನು ಹಿತ್ತಲಿಗೆ ಕೊಂಡುಹೋಗಿ ಕವುಚಿ, ಅದರ ಪಕ್ಕದಲ್ಲೇ ಕುಸಿದು ಕೂತರು.

“ನಾನೇ ಪಾಪಿ ಕಣಮ್ಮ. ಹರಿಯೋ ನೀರಿನ ಜೀವಾನ ತಂದು ಬಾನೀಲಿ ಮಡಗ್ಬುಟ್ಟೆ. ಅದೂ ಬುಡ್ತು, ಇದೂ ಬುಡ್ತು.”

ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟರು. ತಟ್ಟೆಗೆ ಮುದ್ದೆ ಇಟ್ಟು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ನನ್ನ ಮಡಿಲು ಮುಂದೆಯೂ ತುಂಬಲಿಲ್ಲ, ಅದು ಬೇರೆ ಮಾತು. ಆದರೆ ಮಗು ಹೋದ ಮನೆಯಲ್ಲಿ ಅತ್ತೆಯೂ ಇಲ್ಲದಂತಾದದ್ದನ್ನು ನಾನು ಸಹಿಸಲಾರದೆ ಹೋದೆ.

ಮರುವರ್ಷ ಹಳ್ಳ ತುಂಬಿ ಇಳಿದಾಗ ನಾನೇ ಅವರನ್ನು ಗದರಿಸಿ ಬೆಟ್ಟಕ್ಕೆ ಕರೆದೊಯ್ದೆ. ನೊರೆಯ ಅಡಿಯಲ್ಲಿ ಬಂಡೆಗೆ ಅಂಟಿದ್ದ ಮೀನನ್ನು ತೋರಿಸಿದೆ.

“ನೋಡಿ ಅತ್ತೆ, ಇಷ್ಟು ನೀರು ಬಡೀತಿದ್ರೂ ಹಿಡ್ಕಂಡೈತೆ. ನೀವ್ಯಾಕೆ ನನ್ನ ಬುಟ್ರಿ?”

ಅವರು ಮುಖ ತಿರುಗಿಸಿ ಹೊರಟರು. ಇಳಿಯುವಾಗ ಪಾಚಿಯ ಮೇಲೆ ನನ್ನ ಕಾಲು ಜಾರಿತು. ಅತ್ತೆ ಥಟ್ಟನೆ ನನ್ನ ಮಣಿಕಟ್ಟು ಹಿಡಿದರು. ಹಳ್ಳ ದಾಟಿದರೂ ಬಿಡಲಿಲ್ಲ, ಕುರಿಹಟ್ಟಿ ಬಂದರೂ ಬಿಡಲಿಲ್ಲ.

“ಕೈ ನೋಯ್ತದೆ ಅತ್ತೆ,” ಎಂದೆ, ಮನೆಯ ಹೊಸ್ತಿಲಲ್ಲಿ.

“ನೋಯ್ಲಿ ಸುಮ್ಕಿರು,” ಅಂದರು.