ಬಸ್ಸಿನವರು ಕೊಟ್ಟ ನೀರು

ಶರಣ ಬಂಧುಗಳಿಗೆ ತುಮಕೂರು ಶೆಟ್ಟಿಹಳ್ಳಿಯ ಗಿರಿಜಮ್ಮನ ಶರಣಾರ್ಥಿ.

ಕಳೆದ ಬೇಸಿಗೆಯಲ್ಲಿ ನನ್ನ ಮೊಮ್ಮಗ ನಮ್ಮದೇ ಕಾರಿನೊಳಗೆ, ನನ್ನ ಕಣ್ಣೆದುರಿಗೇ ಸಾವಿನ ಬಾಗಿಲಿಗೆ ಹೋಗಿ ಬಂದ. ನಾನು ಹೊರಗೆ ನಿಂತು ಗಾಜು ಬಡಿಯುತ್ತಿದ್ದೆ. ಇದನ್ನು ಬರೆಯಲು ಇಷ್ಟು ದಿನ ಕೈ ಬರಲಿಲ್ಲ. ಆದರೆ ಕುಣಿಗಲ್ ಕಡೆಯ ನಮ್ಮ ಮನೆದೇವರು ವೀರಭದ್ರಸ್ವಾಮಿಯ ಮುಂದೆ ನಿಂತು, ನಡೆದದ್ದನ್ನು ನಡೆದ ಹಾಗೇ ನಾಲ್ಕು ಜನರಿಗೆ ತಿಳಿಸುತ್ತೇನೆ ಎಂದು ಹೇಳಿಕೊಂಡಿದ್ದೇನೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರದು ಸತ್ಯಮಂಗಲದಲ್ಲಿ ಕೊಬ್ಬರಿ ಪುಡಿ ಮಾಡುವ ಸಣ್ಣ ಕಾರ್ಖಾನೆ. ಅವರಿಗೆ ಮೊದಲಿನಿಂದಲೂ ಕಾರುಗಳೆಂದರೆ ಪ್ರಾಣ. ಎರಡು ವರ್ಷದ ಹಿಂದೆ ದೊಡ್ಡ ಕಂಪನಿಯ ಕಾರೊಂದನ್ನು ತಂದರು. ಕರೆಂಟಿನಲ್ಲೂ ಓಡುತ್ತದೆ, ಪೆಟ್ರೋಲಿನಲ್ಲೂ ಓಡುತ್ತದೆ. ಮನೆಯಲ್ಲೇ ಚಾರ್ಜ್ ಹಾಕಿಟ್ಟರೆ ಗುಬ್ಬಿಗೆ ಹೋಗಿಬರಲು ಪೆಟ್ರೋಲ್ ಬೇಕಾಗುತ್ತಿರಲಿಲ್ಲ. ಒಳಗೆ ಕೂತರೆ ಹೊರಗಿನ ಸದ್ದು ಒಂದೂ ಕೇಳದು. ಬೀದಿಯವರೆಲ್ಲ ಬಂದು ನೋಡಿ ಹೋದರು. ನನಗೂ ಓಡಿಸುವುದನ್ನು ಅವರೇ ಕಲಿಸಿದರು.

ಮೂರು ತಿಂಗಳೊಳಗೆ ಅದರ ತರಲೆ ಶುರುವಾಯಿತು. ಒಂದು ದಿನ ಚಾರ್ಜಿಗೆ ಹಾಕಿದ ವೈರನ್ನು ಬಿಡಲೇ ಇಲ್ಲ. ಯಜಮಾನರು ಕಾರ್ಖಾನೆಗೆ ಹೊರಟವರು ವೈರು ಹಿಡಿದುಕೊಂಡು ಕಾರಿನ ಪಕ್ಕ ನಿಂತಿದ್ದರು. ಇನ್ನೊಂದು ದಿನ ಕುಣಿಗಲ್ ರಸ್ತೆಯಲ್ಲಿ ಎದುರಿನ ಪರದೆಯೆಲ್ಲ ಕಪ್ಪಾಗಿ, ಕಾರು ಎತ್ತಿನ ಗಾಡಿಯ ಹಾಗೆ ತೆವಳಿತು. ನಿಲ್ಲಿಸಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ದೊಡ್ಡ ಬ್ಯಾಟರಿ ತುಂಬಿದ್ದರೂ ಡಿಕ್ಕಿಯೊಳಗಿನ ಚಿಕ್ಕ ಬ್ಯಾಟರಿ ಸತ್ತರೆ ಇಡೀ ಕಾರೇ ಸತ್ತಂತೆ. ಮನೆ ತುಂಬ ಅಕ್ಕಿ ಇದ್ದು ಒಲೆ ಹಚ್ಚಲು ಬೆಂಕಿಪೊಟ್ಟಣ ಇಲ್ಲದ ಹಾಗೆ. ಕೆಲವು ಸಲ ಕೀ ಜೇಬಿನಲ್ಲೇ ಇದ್ದರೂ ಬಾಗಿಲು ತೆಗೆಯುತ್ತಿರಲಿಲ್ಲ. ದೂರ ಹೋಗಿ, ನಿಂತು, ಮತ್ತೆ ಹತ್ತಿರ ಬರಬೇಕಿತ್ತು.

ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಬಿಟ್ಟರೆ ವಾರಗಟ್ಟಲೆ ಇಟ್ಟುಕೊಂಡು, "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ ಸಾರ್, ಫಾಲ್ಟ್ ಏನೂ ಸಿಗಲಿಲ್ಲ" ಎಂದು ತೊಳೆದು ಕಳಿಸುತ್ತಿದ್ದರು.

ನಾವು ಅದಕ್ಕೆ ಒಗ್ಗಿಹೋದೆವು. "ಇವತ್ತು ಇದರ ಮೂಡ್ ಸರಿಯಿಲ್ಲ ಕಣೇ" ಎಂದು ಯಜಮಾನರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಮ್ಮ ಮಗಳು ಶ್ರುತಿ ಮಾತ್ರ ನಗಲಿಲ್ಲ. ಅವಳು ಕುಣಿಗಲ್‌ನಲ್ಲಿ ಹೈಸ್ಕೂಲ್ ಟೀಚರು, ಅಲ್ಲೇ ಗಂಡನ ಮನೆ. "ಅಪ್ಪ, ಅದನ್ನ ಮಾರಿ ಬುಡು. ಯಾವತ್ತಾದ್ರೂ ಒಂದಿನ ನಡುದಾರೀಲಿ ಕೈ ಕೊಡುತ್ತೆ" ಎಂದು ಅನ್ನುತ್ತಲೇ ಇದ್ದಳು.

ಏಪ್ರಿಲ್‌ನಲ್ಲಿ ಅವಳಿಗೆ ಪೇಪರ್ ತಿದ್ದುವ ಕೆಲಸ ಬಂತು. ಮಗ ತನ್ಮಯನನ್ನು ನಮ್ಮಲ್ಲಿ ಬಿಟ್ಟಳು. ಅವನಿಗೆ ಆಗ ಎರಡು ವರ್ಷ ತುಂಬಿತ್ತಷ್ಟೆ. ಕಾರು ಆಗಷ್ಟೇ ಸರ್ವಿಸಿನಿಂದ ಬಂದು, ಒಂದು ತಿಂಗಳಿಂದ ಒಂದು ಸಲವೂ ತೊಂದರೆ ಕೊಟ್ಟಿರಲಿಲ್ಲ. ಗುಬ್ಬಿಯಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶ. ಯಜಮಾನರು ಕಾರ್ಖಾನೆ ಬಿಟ್ಟು ಬರುವಂತಿರಲಿಲ್ಲ. ಮಗುವನ್ನು ಹಿಂದಿನ ಸೀಟಿನಲ್ಲಿ ಅವನ ಕುರ್ಚಿಯಲ್ಲಿ ಕೂರಿಸಿ, ಬೆಲ್ಟು ಹಾಕಿ, ನಾನೇ ಓಡಿಸಿಕೊಂಡು ಹೋದೆ. ಊಟ ಮುಗಿಸಿ ಹೊರಟಾಗ ಬಿಸಿಲು ಸುರಿಯುತ್ತಿತ್ತು.

ಗುಬ್ಬಿ ದಾಟಿ ತುಮಕೂರಿನ ಕಡೆ ಬರುವಾಗ ರಸ್ತೆ ಪಕ್ಕದಲ್ಲಿ ಎಳನೀರು ಮಾರುತ್ತಿದ್ದರು. ಮಗುವಿಗೆ ಕುಡಿಸೋಣ ಎಂದು ನಿಲ್ಲಿಸಿದೆ. ಒಳಗೆ ಏಸಿ ತಣ್ಣಗೆ ಓಡುತ್ತಿತ್ತು. ಆಫ್ ಮಾಡದೆ ಇಳಿದೆ. ಕೀ, ಫೋನು ಎರಡೂ ಬ್ಯಾಗಿನಲ್ಲಿದ್ದವು, ಬ್ಯಾಗು ಸೀಟಿನ ಮೇಲಿತ್ತು. ಕೀ ಒಳಗಿದ್ದರೆ ಈ ಕಾರು ಲಾಕ್ ಆಗುವುದೇ ಇಲ್ಲ ಎಂದು ಕೊಡುವಾಗಲೇ ಹೇಳಿದ್ದರು. ನಾಲ್ಕು ಹೆಜ್ಜೆ ಆಚೆ ನಿಂತು "ಗಂಜಿ ಇರೋದು ಒಂದು ಕೊಡಪ್ಪ" ಅಂದೆ. ಹಿಂದೆ ಟಕ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಕಾರಿನ ಎರಡೂ ಕನ್ನಡಿಗಳು ಮಡಚಿಕೊಳ್ಳುತ್ತಿದ್ದವು. ಬಾಗಿಲ ಹಿಡಿಗಳು ಒಳಕ್ಕೆ ಸರಿದು ಹೋದವು. ದೀಪಗಳೆಲ್ಲ ಆರಿದವು.

ಓಡಿ ಹೋಗಿ ನಾಲ್ಕೂ ಬಾಗಿಲು ತಡವಿದೆ. ಹಿಡಿಯಲು ಏನೂ ಇರಲಿಲ್ಲ, ನುಣ್ಣನೆಯ ತಗಡು. ಮಗು ನನ್ನನ್ನು ನೋಡಿ ನಗುತ್ತಿದ್ದ, ಆಟ ಅಂದುಕೊಂಡಿದ್ದ.

ಎಳನೀರಿನವನ ಫೋನಿನಿಂದ ಯಜಮಾನರಿಗೆ ಮಾಡಿದೆ. ಅವರ ಫೋನಿನಲ್ಲಿ ಕಾರು ತೆಗೆಯುವ ಆ್ಯಪ್ ಇತ್ತು.

"ರೀ, ಕಾರು ಲಾಕಾಗೋಯ್ತು. ಪುಟ್ಟ ಒಳಗವ್ನೆ. ಬೇಗ ತೆಗೀರಿ."

"ಒತ್ತಿದೀನಿ ಇರು... ತಿರುಗ್ತಾ ಇದೆ... ತಿರುಗ್ತಾನೇ ಇದೆ ಕಣೇ!"

"ಏಸಿ ನಿಂತೋಗಿದೆ ರೀ."

ಅವರ ಧ್ವನಿ ಬದಲಾಯಿತು. "ಗಾಜು ಒಡೆಸು. ಯಾರಿಗಾದ್ರೂ ಹೇಳಿ ಒಡೆಸು. ನಾನು ಬರ್ತಾ ಇದೀನಿ."

ಎಳನೀರಿನವನು ಮಚ್ಚಿನ ಹಿಂಬದಿಯಿಂದ ಪಕ್ಕದ ಗಾಜಿಗೆ ಹೊಡೆದ. ಅದು ಬೆಳ್ಳಗೆ ಬಿರುಕು ಬಿಟ್ಟಿತೇ ಹೊರತು ಒಡೆಯಲಿಲ್ಲ. ಹೊರಗಿನ ಸದ್ದು ಕೇಳಬಾರದೆಂದು ಎರಡು ಪದರ ಅಂಟಿಸಿದ ಗಾಜಂತೆ. ಬೈಕಿನವರಿಬ್ಬರು ನಿಲ್ಲಿಸಿ ಕಲ್ಲು ತಂದರು. ಇನ್ನೊಂದು ಪಕ್ಕದ ಗಾಜೂ ಹಾಗೇ ಬೆಳ್ಳಗಾಗಿ ನಿಂತಿತು. ಈಗ ಮಗು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಬಿರುಕುಗಳ ಸಂದಿಯಿಂದ ನೋಡಿದೆ. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಬಾಯಿ ದೊಡ್ಡದಾಗಿ ತೆರೆದು ಅಳುತ್ತಿದ್ದ. ನನಗೆ ಸದ್ದೇ ಕೇಳಲಿಲ್ಲ.

ಕೊರಳಲ್ಲಿದ್ದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಅದರೊಳಗಿನ ನನ್ನ ಇಷ್ಟಲಿಂಗವನ್ನು ಬೇಡಿಕೊಂಡೆ. ತಂದೆ, ಬೇರೇನೂ ಬೇಡ, ಈ ಬಾಗಿಲು ಒಂದು ತೆಗಿ.

ಬಾಗಿಲು ತೆಗೆಯಲಿಲ್ಲ. ಬಂಧುಗಳೇ, ಇದನ್ನು ಮುಚ್ಚಿಡದೆ ಬರೆಯುತ್ತೇನೆ. ಅಷ್ಟು ವರ್ಷ ಪೂಜೆ ಮಾಡಿದವಳು ಅಷ್ಟು ಬೇಡಿಕೊಂಡರೂ ಆ ಬಾಗಿಲು ತೆಗೆಯಲೇ ಇಲ್ಲ.

"ಹಿಂದಿನ ಗಾಜು ಒಡೀರ್ಲಾ" ಎಂದು ಯಾರೋ ಕೂಗಿದರು. "ಮಗಿನ ಮ್ಯಾಲೇ ಬೀಳ್ತದಲ್ಲೋ!" ಎಂದು ಇನ್ನೊಬ್ಬರು. ಅಷ್ಟರಲ್ಲಿ ಮಗುವಿನ ಅಳು ನಿಂತಿತ್ತು. ತಲೆ ಪಕ್ಕಕ್ಕೆ ವಾಲಿತ್ತು. "ಬಿದ್ರೆ ಬೀಳಲಿ, ಒಡೀರಪ್ಪಾ" ಎಂದು ನಾನೇ ಕಿರುಚಿದೆ. ಆ ಗಾಜು ಒಂದೇ ಏಟಿಗೆ ಪುಡಿಪುಡಿಯಾಯಿತು. ಬೈಕಿನ ಹುಡುಗನೊಬ್ಬ ಅರ್ಧ ಮೈ ಒಳಗೆ ತೂರಿಸಿ ಬೆಲ್ಟು ಬಿಚ್ಚಿ ಮಗುವನ್ನು ಎಳೆದುಕೊಂಡ. ಕೆನ್ನೆಯ ಮೇಲೆ ರಕ್ತ. ಮೈ ಮುಟ್ಟಿದರೆ ಬಿಸಿ ಬಾಣಲೆ. ಕರೆದರೆ ಓಗೊಡಲಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಸೇರಿ ಕೈಕಾಲು ಅದುರಲು ಶುರುವಾಯಿತು.

ಆಂಬುಲೆನ್ಸಿಗೆ ಫೋನು ಮಾಡಿದರೆ ಬೇರೆ ಕೇಸಿಗೆ ಹೋಗಿದೆ, ತಡವಾಗುತ್ತದೆ ಎಂದರು. ಆಗ ಗುಬ್ಬಿ ಕಡೆಯಿಂದ ಒಂದು ಸರ್ಕಾರಿ ಬಸ್ಸು ಬಂತು. ನಾನು ಮಗುವನ್ನೆತ್ತಿಕೊಂಡು ರಸ್ತೆ ಮಧ್ಯೆ ನಿಂತುಬಿಟ್ಟೆ. ಡ್ರೈವರ್ ಬೈಯುತ್ತಲೇ ಬ್ರೇಕ್ ಹಾಕಿದವರು ಮಗುವನ್ನು ನೋಡಿ ಬಾಯಿ ಮುಚ್ಚಿಕೊಂಡರು.

"ಹತ್ತಮ್ಮ, ಹತ್ತು. ಸೀದಾ ತುಮಕೂರು ಆಸ್ಪತ್ರೆಗೇ ಬುಡ್ತೀನಿ."

ಕಂಡಕ್ಟರ್ ಹೆಣ್ಣುಮಗಳು. ಮೊದಲ ಸೀಟಿನವರನ್ನು ಎಬ್ಬಿಸಿ ನನ್ನನ್ನು ಕೂರಿಸಿದಳು. "ಎಲ್ಲಾ ಕಿಟಕಿ ತೆಗೀರಿ! ಯಾರ್ಯಾರತ್ರ ನೀರೈತೆ ಕೊಡ್ರಿ!" ಎಂದು ಕೂಗಿದಳು. ಒಬ್ಬ ವಯಸ್ಸಾದ ಹೆಂಗಸು ಬಂದು ಪಕ್ಕದಲ್ಲಿ ಕೂತು, "ಬಟ್ಟೆ ಬಿಚ್ಚವ್ವ, ಮೈಗೆ ಗಾಳಿ ಆಡಲಿ" ಎಂದು ತಾನೇ ಬಿಚ್ಚಿದರು. ಹಿಂದಿನ ಸೀಟುಗಳಿಂದ ಬಾಟಲಿಗಳು ಕೈಯಿಂದ ಕೈಗೆ ಬಂದವು. ಅರ್ಧ ಕುಡಿದ ಬಾಟಲಿ, ಶಾಲೆ ಮಕ್ಕಳ ಬಾಟಲಿ, ಗದ್ದೆಗೆ ಒಯ್ಯುವ ಹಳೇ ಪ್ಲಾಸ್ಟಿಕ್ ಕ್ಯಾನು. ಆ ಉರಿಬಿಸಿಲಿನಲ್ಲಿ ಯಾರೂ ತಮಗೆಂದು ಒಂದು ಗುಟುಕು ಉಳಿಸಿಕೊಳ್ಳಲಿಲ್ಲ. ಆ ಹೆಂಗಸು ತನ್ನ ಸೆರಗನ್ನೇ ನೆನೆಸಿ ಮಗುವಿನ ತಲೆ, ಕಂಕುಳು, ತೊಡೆಸಂದಿ ಒರೆಸುತ್ತಲೇ ಇದ್ದರು. ಒಬ್ಬರು ಪೇಪರ್ ಮಡಚಿ ಗಾಳಿ ಬೀಸಿದರು. ನಿಲ್ದಾಣಗಳಲ್ಲಿ ಜನ ಕೈ ಅಡ್ಡ ಹಾಕಿದರೂ ಬಸ್ಸು ನಿಲ್ಲಲಿಲ್ಲ. ದಾರಿಯಲ್ಲಿ ಇಳಿಯಬೇಕಾದವರೂ ಇದ್ದರು. ಒಬ್ಬರೂ ನಿಲ್ಲಿಸಿ ಎನ್ನಲಿಲ್ಲ.

ಆಸ್ಪತ್ರೆಯ ಗೇಟಿನ ಮುಂದೆ ಇಳಿಸಿದಾಗ ಕಂಡಕ್ಟರ್ ನನ್ನ ಜೊತೆ ಓಡಿ ಬಂದು, ಮಗುವನ್ನು ನರ್ಸಿನ ಕೈಗೆ ಕೊಟ್ಟು ಹೋದಳು. ನಾನು ಹಿಂತಿರುಗಿಯೂ ನೋಡಲಿಲ್ಲ.

ಮಕ್ಕಳ ಐಸಿಯುಗೆ ಹಾಕಿದರು. ಉಸಿರಿಗೆ ಕೊಳವೆ ಹಾಕಿದರು. ಡಾಕ್ಟರು ಹೊರಗೆ ಬಂದು, "ಬಿಸಿಲು ಮೆದುಳಿಗೆ ಹೊಡೆದಿದೆ. ಫಿಟ್ಸ್ ನಿಲ್ತಾ ಇಲ್ಲ. ಈಗಲೇ ಏನೂ ಹೇಳೋಕಾಗಲ್ಲ" ಎಂದರು. ಎಳನೀರಿನವನು ಫೋನು ಮಾಡಿ ತಿಳಿಸಿದ್ದರಿಂದ ಯಜಮಾನರೂ ಅಷ್ಟರಲ್ಲಿ ಅಲ್ಲಿಗೇ ಬಂದಿದ್ದರು. ಸಂಜೆ ಹೊತ್ತಿಗೆ ಅವರ ಫೋನು ಟಿಂಗ್ ಎಂದಿತು. ನೋಡಿದರು, ನನಗೂ ತೋರಿಸಿದರು. 'ನಿಮ್ಮ ವಾಹನದ ಬಾಗಿಲು ತೆರೆಯಲಾಗಿದೆ' ಎಂದಿತ್ತು. ಅವರು ಅತ್ತಿದ್ದನ್ನು ನಾನು ಮದುವೆಯಾದಾಗಿನಿಂದ ಆವತ್ತೇ ನೋಡಿದ್ದು.

ಶ್ರುತಿ, ಅಳಿಯ ಇಬ್ಬರೂ ಕುಣಿಗಲ್‌ನಿಂದ ಬಂದರು. ಅವಳು ಗಾಜಿನಾಚೆ ಮಗನನ್ನು ನೋಡಿ ಬಂದು ನನ್ನೆದುರು ನಿಂತಳು.

"ಆ ಕಾರು ಹಿಂಗೆ ಮಾಡುತ್ತೆ ಅಂತ ಗೊತ್ತಿತ್ತಲ್ಲಮ್ಮ ನಿಂಗೆ."

ಗೊತ್ತಿತ್ತು.

"ನನ್ ಕಣ್ಮುಂದೆ ಕೂತ್ಕೋಬೇಡ. ಆ ಕಡೆ ಹೋಗು."

ವರಾಂಡದ ಆ ತುದಿಗೆ ಹೋಗಿ ಕೂತೆ. ದೀಕ್ಷೆಯಾದ ಮೇಲೆ ಲಿಂಗಪೂಜೆ ಇಲ್ಲದೆ ಬಾಯಿಗೆ ನೀರು ಹಾಕಿದವಳಲ್ಲ ನಾನು. ಅಲ್ಲಿ ಪೂಜೆ ಮಾಡಲಾಗಲಿಲ್ಲ. ಕರಡಿಗೆ ತೆಗೆಯಲು ಹೋಗಿ ಮತ್ತೆ ಮತ್ತೆ ಸೆರಗಿನೊಳಗೆ ಸೇರಿಸಿಕೊಂಡೆ. ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ಒಂದು ಸಲ, ಕೇಳಿದಾಗ ನೀನು ಎಲ್ಲಿದ್ದೆ ಎಂದು ಇನ್ನೊಂದು ಸಲ. ಊಟ ನೀರು ಎರಡೂ ಬಿಟ್ಟು ಕೂತಿದ್ದೆ. ಹರಕೆಯಲ್ಲ ಅದು, ಸಿಟ್ಟು.

ಮಾರನೆಯ ದಿನವೂ ಮಗು ಕಣ್ಣು ಬಿಡಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಶ್ರುತಿ ತಾನಾಗಿ ಬಂದು ನನ್ನ ಪಕ್ಕದಲ್ಲಿ ಕೂತಳು. ಮುಖ ನೋಡಲಿಲ್ಲ. ಕೈಯಲ್ಲೊಂದು ನೀರಿನ ಬಾಟಲಿ ಇತ್ತು.

"ಅಮ್ಮ, ಪೂಜೆ ಮಾಡ್ಕೋ."

"ನನ್ನಿಂದ ಆಗ್ತಿಲ್ಲ ಕಣೇ."

"ನಂಗೆ ಬೇಡ್ಕೊಳ್ಳೋಕೆ ಬಾಯೇ ಬರ್ತಿಲ್ಲಮ್ಮ. ನೀನಾದ್ರೂ ಬೇಡ್ಕೋ." ಹಾಗೆಂದು ನನ್ನ ಭುಜಕ್ಕೆ ಹಣೆ ಒತ್ತಿದಳು.

ಆಸ್ಪತ್ರೆಯ ಬೆಂಚಿನ ಮೇಲೇ ಎಡಗೈಯಲ್ಲಿ ಲಿಂಗ ಇಟ್ಟುಕೊಂಡೆ. ಅವಳೇ ನೀರು ಹಾಕಿದಳು. ಹೂವಿಲ್ಲ, ಪತ್ರೆಯಿಲ್ಲ, ಯಜಮಾನರು ಕಾರಿನಿಂದ ತಂದುಕೊಟ್ಟಿದ್ದ ಬ್ಯಾಗಿನ ಮೂಲೆಯಲ್ಲಿದ್ದ ವಿಭೂತಿ ಒಂದಿಷ್ಟು. ಈ ಸಲ ಇದು ಮಾಡು, ಅದು ಮಾಡು ಎಂದು ಹೇಳಲು ನನಗೆ ತಿಳಿಯಲಿಲ್ಲ. ಮಗು ನಿನ್ನದು ಎಂದಷ್ಟೇ ಅಂದೆ.

ಆ ದಿನ ಮಧ್ಯಾಹ್ನ ನರ್ಸು ಬಂದು ತಾಯಿಯನ್ನು ಕರೆದಳು. ಫಿಟ್ಸ್ ಪೂರ್ತಿ ನಿಂತಿತ್ತು. ಶ್ರುತಿ ಹೆಸರು ಹಿಡಿದು ಕರೆದದ್ದಕ್ಕೆ ಮಗು ಕಣ್ಣು ತೆರೆದು ಅವಳ ಕಡೆ ತಿರುಗಿತಂತೆ. ಕೊಳವೆ ತೆಗೆದ ಮೇಲೆ ಅವನಾಡಿದ ಮೊದಲ ಮಾತು "ನೀಯು." ನೀರು ಎನ್ನಲು ಅವನಿಗೆ ಬರುತ್ತಿದ್ದುದೇ ಅಷ್ಟು.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಕೇಳಿದರು. "ದಾರೀಲಿ ಮೈಗೆ ನೀರು ಹಾಕ್ಕೊಂಡು ಬಂದ್ರಲ್ಲ, ಯಾರು ಹೇಳಿದ್ರು ನಿಮಗೆ?"

"ಬಸ್ಸಿನಲ್ಲಿದ್ದೋರು ಸಾರ್."

"ಇಲ್ಲಿಗೆ ಬಂದ ಮೇಲೆ ನಾವು ತಣ್ಣಗೆ ಮಾಡೋಕೆ ಶುರು ಮಾಡಿದ್ರೆ ತಡ ಆಗಿರೋದು. ಮಗು ಉಳಿದಿರೋದು ಆ ನೀರಿಂದ್ಲೇ."

ನಾನು ಬಾಗಿಲು ತೆಗಿ ಎಂದು ಬೇಡುತ್ತಿದ್ದಾಗಲೇ ಆ ಬಸ್ಸು ಗುಬ್ಬಿ ಬಿಟ್ಟಿತ್ತು. ಅದರ ತುಂಬ ಜನ ತಮ್ಮ ತಮ್ಮ ನೀರು ಹಿಡಿದು ಕೂತಿದ್ದರು. ಸ್ವಾಮಿ ಎಲ್ಲಿದ್ದೆ ಎಂದು ನಾನು ಜಗಳ ಮಾಡಿದ್ದೆನಲ್ಲ, ಅವನು ಆ ದಾರಿಯಲ್ಲೇ ಬರುತ್ತಿದ್ದ.

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮಗುವಿನ ಎಡಗೈ ಇನ್ನೂ ಸೋಲುತ್ತದೆ, ಲೋಟ ಜಾರುತ್ತದೆ. ವ್ಯಾಯಾಮ ಮಾಡಿಸಲು ಕರೆದೊಯ್ಯುತ್ತಿದ್ದಾರೆ. ಬಾಗಿಲು ಹಾಕಿದರೆ ಕಿರುಚುತ್ತಾನೆ, ಬಚ್ಚಲ ಬಾಗಿಲನ್ನೂ ಹಾಕುವಂತಿಲ್ಲ. ಶ್ರುತಿ ನನ್ನ ಜೊತೆ ಮಾತಾಡುತ್ತಾಳೆ, ಆದರೆ ಮಗುವನ್ನು ನನ್ನೊಬ್ಬಳ ಹತ್ತಿರವೇ ಬಿಟ್ಟು ಹೋಗುವುದಿಲ್ಲ. ಅದು ಅವಳ ತಪ್ಪಲ್ಲ. ಕಂಪನಿಯವರು ಕಾರು ಒಯ್ದು ನೋಡಿ, ದೋಷ ಏನೂ ದಾಖಲಾಗಿಲ್ಲ ಎಂದು ಬರೆದು ಕಳಿಸಿದರು. ಯಜಮಾನರು ಅದನ್ನು ಇನ್ನೊಬ್ಬರಿಗೆ ಮಾರಲು ಒಪ್ಪಲಿಲ್ಲ. ಅವರ ಮನೆಯಲ್ಲೂ ಮಕ್ಕಳಿರಬಹುದಲ್ಲ ಎಂದರು. ಕಾರ್ಖಾನೆಯ ಹಿಂದೆ ಟಾರ್ಪಾಲು ಹೊದ್ದು ನಿಂತಿದೆ.

ನಾನು ಮೂರು ನಾಲ್ಕು ಸಲ ಗುಬ್ಬಿ ಬಸ್ ಸ್ಟ್ಯಾಂಡಿಗೆ ಹೋಗಿ ಆ ಕಂಡಕ್ಟರ್ ಹೆಣ್ಣುಮಗಳನ್ನು, ಡ್ರೈವರನ್ನು ಹುಡುಕಿದೆ. ಸಿಗಲಿಲ್ಲ. ಬೇರೆ ಡಿಪೋದವರಿರಬೇಕು ಎಂದರು. ಸೆರಗು ನೆನೆಸಿದ ಆ ತಾಯಿಯ ಹೆಸರೂ ನನಗೆ ಗೊತ್ತಿಲ್ಲ. ಅವರೆಲ್ಲ ನಮ್ಮನ್ನು ಗೇಟಿನ ಮುಂದೆ ಇಳಿಸಿ ಹೋದವರು, ಆಮೇಲೆ ಏನಾಯಿತೋ ಅವರಿಗೆ ತಿಳಿಯದು. ಮನೆಗೆ ಹೋಗಿ ಊಟಕ್ಕೆ ಕೂತಾಗ ನೆನೆಸಿಕೊಂಡು ಸಂಕಟಪಟ್ಟಿರುತ್ತಾರೆ.

ಇದನ್ನು ಓದುವ ಬಂಧುಗಳು ನಿಮಗೆ ತಿಳಿದವರಿಗೆಲ್ಲ ಹೇಳಿ. ಆ ಬಸ್ಸಿನಲ್ಲಿದ್ದ ಒಬ್ಬರ ಕಿವಿಗಾದರೂ ಬೀಳಲಿ.

ಅವ್ವ, ಅಣ್ಣ, ಮಗು ಉಳಿಯಿತು.