ಬುಸ್ಸಕ್ಕನ ಶಿಷ್ಯೆ

ಪ್ರಾಣಿ ಆರೈಕೆ ಕೇಂದ್ರದಲ್ಲಿ ಪಂಜರ ತೊಳೆಯುವ ಹೆಂಗಸಿಗೆ ಬೆನ್ನ ಹಿಂದೆ ಎಲ್ಲರೂ ಬುಸ್ಸಕ್ಕ ಅನ್ನುತ್ತಿದ್ದರು. ಎದುರಿಗೆ ಬರೀ ಅಕ್ಕ, ಅದೂ ನಾಲ್ಕು ಮಾರು ದೂರದಿಂದ. ನೋಡಿದರೆ ಗಾಳಿಗೆ ಹಾರಿಹೋಗುವಷ್ಟು ಸಣಕಲು. ಆದರೆ ತೊಳೆದ ನೆಲದ ಮೇಲೆ ಯಾರಾದರೂ ಬೂಟುಗಾಲಿಟ್ಟರೆ ಮುಗಿಯಿತು. ಪೊರಕೆ ಅಡ್ಡ ಹಿಡಿದು, ಮೊಣಕೈ ಅಗಲಿಸಿ, ಬಾಗಿಲ ತುಂಬ ನಿಂತು ಹಲ್ಲಿನ ಸಂದಿಯಿಂದ ಬುಸ್ ಅನ್ನುವಳು. ಗಂಡ ಸತ್ತ ಮೇಲೆ ಮೈದುನ ಅವಳನ್ನು ಹೊರಹಾಕಲು ಹೊಸ ಬೀಗ ತಂದಾಗಲೂ ಹೊಸ್ತಿಲಲ್ಲಿ ಹೀಗೇ ನಿಂತಿದ್ದಳು. ಅವನು ಬೀಗ ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ. ಆ ಬೀಗ ಈಗಲೂ ಆ ಬಾಗಿಲಲ್ಲೇ ಇದೆ, ಬೀಗದಕೈ ಅವಳ ಕೊರಳಲ್ಲಿದೆ.

ಅಂಥವಳ ಕೈಗೆ ಒಂದು ಕಾಡುಬೆಕ್ಕಿನ ಮರಿ ಬಂತು. ಮರ ಕೊಯ್ಯುವ ಮಿಲ್ಲಿನ ದಿಮ್ಮಿಗಳ ಸಂದಿಯಲ್ಲಿ ಸಿಕ್ಕಿದ್ದು. ತಾಯಿಯನ್ನು ನಾಯಿಗಳು ಹರಿದುಹಾಕಿದ್ದವು.

"ಅಕ್ಕಾ, ಹೆಸರಿಡಬೇಡಿ, ಮುದ್ದು ಮಾಡಬೇಡಿ. ಇದು ಕಾಡಿಗೆ ಹೋಗಬೇಕಾದ್ದು," ಎಂದು ಕೇಂದ್ರದ ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಬುಸ್ಸಕ್ಕ ಹೆಸರಿಡಲಿಲ್ಲ. ಏಯ್ ಅಂದಳು, ಅಷ್ಟೇ. ಹಾಲು ಕುಡಿಸುವಾಗ ಏಯ್, ಹೊಟ್ಟೆ ಒರೆಸುವಾಗ ಏಯ್, ತನ್ನ ಹಳೇ ಸ್ವೆಟರಿನಲ್ಲಿ ಮಲಗಿಸುವಾಗ ಇನ್ನೂ ಮೆತ್ತಗೆ ಏಯ್. ಊರಿಗೆಲ್ಲ ಬುಸುಗುಟ್ಟಿದವಳು ಇದೊಂದರ ಮುಂದೆ ಬೆಣ್ಣೆಯಾಗಿಬಿಟ್ಟಳು. ಮರಿ ಬೆಳೆಯುವ ಹೊತ್ತಿಗೆ ಏಯ್ ಅಂದರೆ ಸಾಕು, ಎಲ್ಲಿದ್ದರೂ ಬಾಲ ಎತ್ತಿಕೊಂಡು ಓಡಿಬರುತ್ತಿತ್ತು.

ಕಾಡಿಗೆ ಬಿಡುವ ಮುಂಚೆ ಒಂದು ಪರೀಕ್ಷೆ. ಕಾವಲುಗಾರನ ನಾಯಿಯನ್ನು ಸರಪಳಿ ಹಾಕಿ ಜಾಲರಿಯ ಆಚೆ ನಿಲ್ಲಿಸಿದರು. ಬೆಕ್ಕು ಹೋಗಿ ಜಾಲರಿಗೆ ಕೆನ್ನೆ ಉಜ್ಜಿತು.

ಮೇಲ್ವಿಚಾರಕರಿಗೆ ಖುಷಿಯೋ ಖುಷಿ. "ಎಷ್ಟು ಸಾಧು ನೋಡಿ! ಇಲ್ಲೇ ಇರಲಿ. ಬಂದ ಮಕ್ಕಳು ಮುಟ್ಟಿ ಆಡ್ಲಿ, ಜನ ಮುಗಿಬೀಳ್ತಾರೆ."

"ಸಾಯೋವರೆಗೂ ಪಂಜರದಲ್ಲಾ?" ಅಂದಳು ಬುಸ್ಸಕ್ಕ.

"ಹೀಗೇ ಬಿಟ್ಟರೆ ಮೊದಲನೇ ನಾಯಿಗೇ ತುತ್ತು ಅಕ್ಕಾ," ಅಂದರು ಡಾಕ್ಟರಮ್ಮ. "ಇದರ ಗಾತ್ರಕ್ಕೆ ಯಾರು ಹೆದರ್ತಾರೆ? ರೋಮ ಎಬ್ಬಿಸಿ, ಅಡ್ಡ ತಿರುಗಿ, ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣಬೇಕು. ಹಾವಿನ ಹಾಗೆ ಬುಸ್ ಅನ್ನಬೇಕು. ಎದುರಿಗಿರೋದು ಒಂದು ಕ್ಷಣ ತಬ್ಬಿಬ್ಬಾದರೆ ಮರ ಹತ್ತಿ ಬಚಾವಾಗುತ್ತೆ. ಅದನ್ನ ತಾಯಿ ಕಲಿಸ್ತಿತ್ತೇನೋ."

ಬುಸ್ಸಕ್ಕನಿಗೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ಬುಸ್ ಅಂದವಳು ನಾನು, ಇದಕ್ಕೆ ಅದನ್ನೇ ಕಲಿಸದೆ ಹೋದೆನಲ್ಲ!

"ಸ್ವಲ್ಪ ದಿನ ಕೊಡಿ. ನಾನಿರೋವರೆಗೂ ಇದನ್ನ ಆಟದ ಗೊಂಬೆ ಮಾಡೋಕೆ ಬಿಡಲ್ಲ," ಅಂದಳು.

ಮಾರನೇ ದಿನದಿಂದ ಕಾವಲುಗಾರನ ಮಳೆಕೋಟು ತೊಟ್ಟು, ತಲೆಗೆ ಗೋಣಿಚೀಲ ಹಾಕಿಕೊಂಡು, ತಗಡಿನ ಡಬ್ಬ ಬಡಿಯುತ್ತ, ಬುಸ್ ಅನ್ನುತ್ತ ಪಂಜರಕ್ಕೆ ನುಗ್ಗಿದಳು. ಊಟವನ್ನು ಮಾತ್ರ ಪರದೆಯ ಹಿಂದಿನಿಂದ ಕೋಲಿನಲ್ಲಿ ತಳ್ಳುವಳು, ತನ್ನ ಮುಖ ಕಾಣಬಾರದು, ಊಟ ಕೊಡುವವರು ಮನುಷ್ಯರೆಂಬುದನ್ನೇ ಅದು ಮರೆಯಬೇಕು. ಮೊದಲ ದಿನ ಅದು ಕೋಟಿನ ಅಂಚು ಹಿಡಿದು ಆಡಿತು. ಅವಳು ಡಬ್ಬ ಬಡಿದಳು. ಹಲಗೆಯ ಕೆಳಗೆ ಸೇರಿಕೊಂಡು ಸಣ್ಣಗೆ ಅಳತೊಡಗಿತು. ಬುಸ್ಸಕ್ಕ ಹೊರಗೆ ಬಂದಳು. ನೀರಿನ ತೊಟ್ಟಿಯ ಹಿಂದೆ ಕೂತು ತಾನೂ ಅತ್ತಳು, ಮುಖ ತೊಳೆದುಕೊಂಡಳು, ವಾಪಸು ಬಂದು ಇನ್ನೂ ಜೋರಾಗಿ ಬಡಿದಳು.

ಆಮೇಲಾಮೇಲೆ ಪಂಜರದಿಂದ ಎರಡು ಬುಸ್ ಕೇಳತೊಡಗಿದವು.

"ಅಕ್ಕಾ, ಇಬ್ಬರಲ್ಲಿ ಬೆಕ್ಕು ಯಾವುದು?" ಅಂತ ಅಡುಗೆಯವನು ಕಿಟಕಿಯಿಂದ ಕೇಳಿದ. ಬುಸ್ಸಕ್ಕ ಅವನ ಕಡೆ ತಿರುಗಿದಳು. ಕಿಟಕಿ ಮುಚ್ಚಿಕೊಂಡಿತು.

ಎರಡನೇ ಸಲ ನಾಯಿ ಬಂದಾಗ ಬೆಕ್ಕಿನ ಬೆನ್ನು ಕಮಾನಾಯಿತು, ಬಾಲ ಬಾಟಲಿ ತೊಳೆಯುವ ಬ್ರಷ್ಷಾಯಿತು. ಅಡ್ಡ ತಿರುಗಿ, ಹಲ್ಲು ಕಿಸಿದು, ಜಾಲರಿಗೆ ಪಟ್ಟಂತ ಉಗುರು ಬಾರಿಸಿತು. ನಾಯಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಮೇಲ್ವಿಚಾರಕರು ಇನ್ನೂ ಜಗ್ಗಲಿಲ್ಲ. "ನಾಯಿಗೆ ಸರಿ, ಮನುಷ್ಯರಿಗೆ? ನಾಳೆ ಬೇಟೆಯವನು ಕರೆದರೂ ಹೋಗುತ್ತೆ. ಎಲ್ಲಿ, ನೀವೇ ಕರೀರಿ ನೋಡೋಣ."

ಬುಸ್ಸಕ್ಕ ಕೋಟು ಬಿಚ್ಚಿದಳು. ಮುಖ ಮುಚ್ಚಿಕೊಳ್ಳದೆ ಒಳಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು. ಬೇಕೆಂದೇ ಗಡುಸಾಗಿ ಕರೆಯಬಹುದಿತ್ತು. ಆದರೆ ಮೋಸದಿಂದ ಗೆದ್ದರೆ ಸಾಯುವುದು ಬೆಕ್ಕು ತಾನೇ. ಸ್ವೆಟರಿನಲ್ಲಿ ಮಲಗಿಸುವಾಗಿನ ದನಿಯಲ್ಲೇ ಕರೆದಳು.

"ಏಯ್."

ಬೆಕ್ಕಿನ ಕಿವಿ ಇತ್ತ ತಿರುಗಿತು. ಒಂದು ಹೆಜ್ಜೆ ಮುಂದಿಟ್ಟಿತು. ಬರಲಿ ಅಂತ ಅವಳಿಗೂ ಆಸೆಯಾಯಿತು. ಬರಬೇಡ, ಬರಬೇಡ ಕಣೇ ಅಂತ ಒಳಗೊಳಗೇ ಬೇಡಿಕೊಂಡಳು.

ಕಿವಿ ಹಿಂದಕ್ಕೆ ಮಡಚಿ ತಲೆಗಂಟಿತು. ಮೈ ಸೆಟೆಯಿತು. ಬುಸ್! ಚಾಚಿದ ಅಂಗೈಯನ್ನು ಉದ್ದಕ್ಕೆ ಗೀರಿ, ಕಂಬ ಹತ್ತಿ, ತುದಿಯಲ್ಲಿ ಕೂತು ಕೆಳಗಿದ್ದವರನ್ನೆಲ್ಲ ದುರುಗುಟ್ಟಿ ನೋಡಿತು.

"ಛೆ ಛೆ, ಸಾಕಿದವರನ್ನೇ ಗೀರ್ತಲ್ಲ!" ಅಂದರು ಮೇಲ್ವಿಚಾರಕರು.

ಬುಸ್ಸಕ್ಕನ ಕಣ್ಣಲ್ಲಿ ನೀರು, ಮುಖದ ತುಂಬ ನಗು. ರಕ್ತ ಸುರಿಯುವ ಅಂಗೈಯನ್ನು ಅವರ ಮೂಗಿನ ಮುಂದೆ ಹಿಡಿದಳು.

"ಸರಿಯಾಗಿ ಸಾಕಿದ್ದಕ್ಕೇ ಗೀರಿದ್ದು ಸಾರ್! ಇನ್ನು ಗಾಡಿ ತರಿಸಿ."