ಬಾಗಿಲಿಗೆ ಅಂಟಿಸದ ನೋಟಿಸಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ಷೌರದಂಗಡಿಯ ಕುರ್ಚಿಯಲ್ಲಿ ಗಿರಾಕಿಯೊಬ್ಬರು ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡು ಒಬ್ಬರೇ ಕೂತಿದ್ದಾರೆ. ಅಂಗಡಿಯವರು ಹಿಂಬಾಗಿಲಿನಿಂದ ಕಂಬಿ ಕಿತ್ತಿದ್ದಾರೆ. ಕಾರಣವೇನೆಂದರೆ, ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು, ಸೈಕಲ್ ತಳ್ಳಿಕೊಂಡು ಬೀದಿಯ ತುದಿಯಲ್ಲಿ ಕಾಣಿಸಿಕೊಂಡ ಒಬ್ಬ ಸಣಕಲು ಮನುಷ್ಯ.

"ಎಲ್ಲಿ ಹೋದ್ರು ಸ್ವಾಮಿ ಇವರು?" ಎಂದು ಸಣಕಲು ಮನುಷ್ಯ ಬಾಗಿಲಲ್ಲಿ ನಿಂತು ಕೇಳುತ್ತಾರೆ.

"ನಿಮ್ಮನ್ನ ನೋಡೇ ಓಡಿದ್ದು. ನೀವು ಹೋದ್ರೆ ಬರ್ತಾರೆ. ದಯವಿಟ್ಟು ಬೇಗ ಹೋಗಿ, ನಂಗೆ ಆಫೀಸಿದೆ," ಎನ್ನುತ್ತಾರೆ ನೊರೆಯ ಗಿರಾಕಿ.

ಹೋಗುವುದು ಇವರ ಜಾಯಮಾನದಲ್ಲಿಲ್ಲ. ಹಿತ್ತಿಲಿಗೆ ಸುತ್ತುಹಾಕಿ, ನೀರಿನ ಟ್ಯಾಂಕಿನ ಮರೆಯಲ್ಲಿ ರೇಜರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಕ್ಷೌರಿಕರನ್ನು ಪತ್ತೆ ಮಾಡಿ ಕೈಗೆ ಕಾಗದ ಕೊಡುತ್ತಾರೆ. ಅದರಲ್ಲಿರುವುದು ಇಷ್ಟೇ: ನೀವು ತೆರಿಗೆ ಹೆಚ್ಚಿಗೆ ಕಟ್ಟಿದ್ದೀರಿ, ಹಿಂದಿರುಗಿಸಬೇಕಾಗಿದೆ, ಬ್ಯಾಂಕ್ ಖಾತೆಯ ನಂಬರ್ ಕಳಿಸಿ.

"ಮೊದಲೇ ಕೂಗಿ ಹೇಳಬಾರದಿತ್ತಾ ಅಣ್ಣ?"

"ಕೂಗ್ದೆ. ನೀವು ಇನ್ನೂ ಜೋರಾಗಿ ಓಡಿದ್ರಿ."

ಈ ಬೀದಿಯಲ್ಲಿ ಇವರಿಗೆ ನೋಟಿಸಣ್ಣ ಎಂದೇ ಹೆಸರು. ತೆರಿಗೆ ಕಚೇರಿಯಲ್ಲಿ ಜವಾನರು. ಇ-ಮೇಲ್ ನೋಡದ ಸಣ್ಣಪುಟ್ಟ ಅಂಗಡಿಯವರಿಗೆ ಕಚೇರಿಯ ಕಾಗದ ತಲುಪಿಸುವುದು ಇವರ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಕಾಗದ ಹೊತ್ತು ಹೊರಡುತ್ತಾರೆ. ಅರ್ಧ ಕೊಟ್ಟರೆ ಒಳ್ಳೆಯ ದಿನ. ನಸುಕಿನಲ್ಲೇ ಬರುವುದಕ್ಕೂ ಕಾರಣವಿದೆ. ಹತ್ತು ಗಂಟೆಯ ಮೇಲೆ ಬಂದರೆ ಸೈಕಲ್ ತಿರುವು ದಾಟುವುದರೊಳಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿರುತ್ತದೆ, ಮಾಲೀಕರೆಲ್ಲ ಒಟ್ಟಿಗೇ ಊಟಕ್ಕೆ ಹೋಗಿರುತ್ತಾರೆ.

ಮನೆಯ ಕಥೆಯೂ ಬೇರೆಯಲ್ಲ. ಮದುವೆಯ ಮಾತುಕತೆಗೆಂದು ಮೊದಲ ಸಲ ಹೋದಾಗ, ಪಾತ್ರೆ ಅಂಗಡಿ ಇಟ್ಟಿದ್ದ ಭಾವೀ ಮಾವ ಬಾಗಿಲಲ್ಲೇ ಕೈಮುಗಿದು, "ವ್ಯಾಪಾರ ಏನೂ ಇಲ್ಲ, ಪೂರ್ತಿ ಲಾಸು," ಎಂದರಂತೆ. "ನಾನು ಹುಡುಗಿ ಕೇಳೋಕೆ ಬಂದಿರೋದು, ಲೆಕ್ಕ ಕೇಳೋಕಲ್ಲ ಅಂದೆ. ಆದ್ರೂ ಅವರಿಗೆ ನಂಬಿಕೆ ಬರಲಿಲ್ಲ. ಇವತ್ತಿಗೂ ನಾನು ಹೋದ್ರೆ ಗಲ್ಲಾಪೆಟ್ಟಿಗೆ ಮೇಲೊಂದು ಟವೆಲ್ ಬೀಳುತ್ತೆ," ಎನ್ನುತ್ತಾರೆ.

ಓದಿದ್ದು ಅಷ್ಟಕ್ಕಷ್ಟೇ. ತಮ್ಮ ಸಂಬಳದಲ್ಲಿ ಯಾಕೆ ಏನು ಕಡಿತವಾಗುತ್ತದೆಂದು ಇವತ್ತಿಗೂ ಇವರಿಗೆ ತಿಳಿಯದು. ಅದೆಲ್ಲ ಹೆಂಡತಿಯ ಖಾತೆ. ಆದರೆ ಕಾಗದ ಕೊಟ್ಟಾಗಲೆಲ್ಲ ಜನ "ಏನಿದೆ ಇದರಲ್ಲಿ?" ಎಂದು ಮುಖ ನೋಡಿದ್ದರಿಂದ, ಕಚೇರಿಯ ಸಹಾಯ ಕೌಂಟರಿನವರನ್ನು ಕಾಡಿ ಬೇಡಿ ಕೇಳಿ ತಿಳಿದುಕೊಂಡು, ತಮ್ಮದೇ ಭಾಷೆಯಲ್ಲಿ ಹೇಳುವುದನ್ನು ರೂಢಿಸಿಕೊಂಡಿದ್ದಾರೆ. ಗಿರಾಕಿಗಳಿಂದ ವಸೂಲಿ ಮಾಡಿದ ತೆರಿಗೆಯನ್ನು ತಮ್ಮ ಲಾಭವೆಂದುಕೊಂಡು ಹೊಸ ಫ್ರಿಜ್ ತಂದ ಬೇಕರಿಯವರಿಗೆ ಇವರು ಹೇಳಿದ್ದು ಕೌಂಟರಿನವರಿಗೂ ಬಾಯಿಪಾಠವಾಗಿದೆ: "ಬಸ್ಸಲ್ಲಿ ಯಾರೋ ಹಿಡ್ಕೊಳ್ಳಿ ಅಂತ ಮಗು ಕೊಡ್ತಾರಲ್ಲ, ಹಂಗೆ ಅದು. ಮುದ್ದಾಗಿದೆ ಅಂತ ಇಟ್ಕೊಂಡು ಇಳಿಯೋಕಾಗುತ್ತಾ?"

ಇವರಿಗೆ ಆಗದ ಕೆಲಸ ಒಂದೇ, ಅಂಟಿಸುವುದು. ಮೂರು ಸಲ ಹೋದರೂ ಆಸಾಮಿ ಸಿಗದಿದ್ದರೆ ನೋಟಿಸನ್ನು ಬಾಗಿಲಿಗೆ ಅಂಟಿಸಿ ಕೈತೊಳೆದುಕೊಳ್ಳಬಹುದೆಂದು ನಿಯಮವಿದೆ. ಚೀಲದಲ್ಲಿ ಗೋಂದಿನ ಬಾಟಲಿಯೂ ಇದೆ, ಒಣಗಿ ಕಲ್ಲಾಗಿದೆ. "ಅಂಟಿಸಿದ್ರೆ ನನ್ನ ಕೆಲಸ ಮುಗೀತು, ಅವರ ಕೆಲಸ ಕೆಟ್ಟಿತು. ಬೀದಿಯೋರೆಲ್ಲ ನಿಂತು ಓದ್ತಾರೆ, ಓದಬೇಕಾದೋರು ಒಬ್ಬರನ್ನ ಬಿಟ್ಟು."

ಇವತ್ತು ಮಾತ್ರ ಸಾಹೇಬರು ಹೊಸ ಬಾಟಲಿಯನ್ನೇ ಕೈಗಿತ್ತು ಕಳಿಸಿದ್ದಾರೆ. ಅಂಟಿಸಬೇಕಾದ್ದು ಇಸ್ತ್ರಿ ಅಂಗಡಿಯ ಅಕ್ಕನ ನೋಟಿಸು. ನಾಲ್ಕು ಸಲ ಹೋದರೂ ಅಕ್ಕ ಕೈಗೆ ಸಿಕ್ಕಿಲ್ಲ. ಸಂಜೆ ಐದರೊಳಗೆ ಉತ್ತರ ಕೊಡದಿದ್ದರೆ ಅಂಗಡಿಯ ತೆರಿಗೆ ನೋಂದಣಿ ರದ್ದು. ನೋಂದಣಿ ಹೋದರೆ, ಆ ನೋಂದಣಿ ನಂಬರಿರುವ ಬಿಲ್ಲಿಲ್ಲದೆ ದುಡ್ಡು ಕೊಡದ ನರ್ಸಿಂಗ್ ಹೋಂನ ಬೆಡ್‌ಶೀಟುಗಳೂ ಹೋದವು. ಅಕ್ಕನ ಮನೆ ನಡೆಯುವುದೇ ಆ ಬೆಡ್‌ಶೀಟುಗಳಿಂದ. ಇ-ಮೇಲ್ ಹೋಗಿದ್ದು ನೋಂದಣಿ ಮಾಡಿಕೊಟ್ಟ ಸೈಬರ್ ಅಂಗಡಿಯ ಹುಡುಗನ ವಿಳಾಸಕ್ಕೆ. ಆ ಹುಡುಗ ಅಂಗಡಿ ಮುಚ್ಚಿಕೊಂಡು ಎಲ್ಲಿಗೋ ಹೋಗಿದ್ದಾನೆ.

ಇಸ್ತ್ರಿ ಅಂಗಡಿಯೆಂದರೆ ಒಂದು ಕಟ್ಟಡದ ಮೆಟ್ಟಿಲಡಿಯ ಗೂಡು. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಬಿಸಿಯಾಗಿಯೇ ಇದೆ. ಅಡ್ಡ ಕಟ್ಟಿದ ಹಗ್ಗದ ಮೇಲೊಂದು ಬೆಡ್‌ಶೀಟು, ಅದರ ಕೆಳಗೆ ಎರಡು ಪಾದ.

"ಅಕ್ಕ, ಇದೀರಾ?"

"ಅಕ್ಕ ಇಲ್ಲ," ಎನ್ನುತ್ತದೆ ಬೆಡ್‌ಶೀಟು.

"ಮತ್ತೆ ನೀವ್ಯಾರು?"

ಬೆಡ್‌ಶೀಟು ಸ್ವಲ್ಪ ಯೋಚಿಸುತ್ತದೆ. "ನಾನು ಅವಳ ತಂಗಿ."

"ತಂಗಿ, ಇಸ್ತ್ರಿಪೆಟ್ಟಿಗೆ ಆರಿಸ್ಲಾ? ನಿಮ್ಮಕ್ಕನ ದಿಂಬಿನ ಕವರು ಸುಡ್ತಾ ಇದೆ."

"ಅಯ್ಯೋ, ಆರಿಸಿ, ಆರಿಸಿ."

ಸ್ವಿಚ್ ಆರಿಸಿದ ನೋಟಿಸಣ್ಣ ಮೆಟ್ಟಿಲ ಮೇಲೆ ಆರಾಮಾಗಿ ಕೂರುತ್ತಾರೆ. ಇಲ್ಲದ ತಂಗಿಯ ಜೊತೆ ಇರುವ ವ್ಯವಹಾರ ಮಾತಾಡಲು ಅವರಿಗೆ ಏನೂ ಮುಜುಗರವಿಲ್ಲ.

"ಅಕ್ಕನ್ನ ಹಿಡ್ಕೊಂಡು ಹೋಗ್ತೀರಾ?" ಎಂದು ತಂಗಿ ಕೇಳುತ್ತಾಳೆ.

"ಕರ್ಕೊಂಡು ಹೋಗಿ ಎಲ್ಲಿ ಕೂರಿಸೋದು ತಾಯಿ? ನಮ್ಮ ಆಫೀಸಲ್ಲಿ ನಮಗೇ ಕುರ್ಚಿ ಇಲ್ಲ. ನಿಮ್ಮಕ್ಕ ಎಂಟು ತಿಂಗಳಿಂದ ರಿಟರ್ನ್ ಹಾಕಿಲ್ಲ, ಅಷ್ಟೇ."

"ಅಂಗಡಿನೇ ಮುಚ್ಚಿದ್ಲು ಪಾಪ, ಮತ್ತೆ ತೆಗೆದಿದ್ದು ಈ ತಿಂಗಳೇ. ಭಾವ ಏಣಿಯಿಂದ ಬಿದ್ದು ಸೊಂಟ ಮುರ್ಕೊಂಡಿದ್ರು. ವ್ಯಾಪಾರನೇ ಇಲ್ಲದ ಮೇಲೆ ಏನು ಹಾಕ್ತಾಳೆ?"

"ವ್ಯಾಪಾರ ಏನೂ ಇಲ್ಲ ಅಂತ ಹಾಕಬೇಕು."

"ಏನೂ ಇಲ್ಲ ಅಂತ ಹೇಳೋಕೂ ಅರ್ಜಿನಾ?"

"ನಿಮಗೆ ಅಮ್ಮ ಇದಾರಾ?"

"ಇದಾಳೆ, ನಮ್ಮಿಬ್ಬರಿಗೂ," ಎಂದು ತಂಗಿ ಎಚ್ಚರಿಕೆಯಿಂದ ಹೇಳುತ್ತಾಳೆ.

"ಫೋನ್ ಮಾಡಿದಾಗ ಏನು ವಿಶೇಷ ಅಂತ ಕೇಳಿದ್ರೆ ಏನಂತೀರಿ?"

"ಏನಿಲ್ಲಮ್ಮ ಅಂತೀನಿ."

"ಹೆಂಗೂ ಏನೂ ವಿಶೇಷ ಇಲ್ಲವಲ್ಲ ಅಂತ ಫೋನೇ ಮಾಡದೆ ಇದ್ರೆ?"

"ಅಷ್ಟೇ ಕಥೆ. ನೆಂಟರಿಗೆಲ್ಲ ಫೋನ್ ಹಚ್ಚಿ ರಾದ್ಧಾಂತ ಮಾಡ್ತಾಳೆ."

"ಸರ್ಕಾರನೂ ಹಂಗೇ. ಏನಿಲ್ಲಮ್ಮ ಅಂತ ತಿಂಗಳು ತಿಂಗಳು ಹೇಳ್ತಿದ್ರೆ ಸುಮ್ಮನಿರುತ್ತೆ."

ಬೆಡ್‌ಶೀಟಿನ ಹಿಂದೆ ಒಂದು ನಗು ಬಂದು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ, ಕಾಗದಕ್ಕೆ ತಂಗಿ ಸಹಿ ಹಾಕಬಹುದೇ ಎಂಬ ಪ್ರಶ್ನೆ.

"ಹಾಕಬಹುದು. ಒಂದೇ ಮನೇಲಿರೋ ತಂಗಿ ಆಗಿರಬೇಕು. ಅದಕ್ಕಿಂತ ಮುಂಚೆ, ತಂಗಿ ಅನ್ನೋರು ಇರಬೇಕು."

ಬೆಡ್‌ಶೀಟು ಪಕ್ಕಕ್ಕೆ ಸರಿಯುತ್ತದೆ. ನಲವತ್ತರ ಆಸುಪಾಸಿನ ಹೆಂಗಸು, ಮುಂಗೈಯಲ್ಲಿ ಹಳೆಯ ಸುಟ್ಟ ಕಲೆ, ಮುಖದಲ್ಲಿ ನಾಚಿಕೆ. "ಅಕ್ಕ ಈಗ ಬಂದ್ಲು," ಎಂದು ಕೈಚಾಚುತ್ತಾರೆ.

ನೋಟಿಸು ಕೊಟ್ಟರೆ ಜವಾನರ ಕೆಲಸ ಮುಗಿಯಿತು. ಆದರೂ ಇವರು ಅಕ್ಕನನ್ನು ಕಚೇರಿಯ ಸಹಾಯ ಕೌಂಟರಿಗೆ ಕರೆತಂದು, ಊಟ ಬಿಟ್ಟು ಪಕ್ಕದಲ್ಲೇ ನಿಲ್ಲುತ್ತಾರೆ. ಕೌಂಟರಿನ ಹುಡುಗಿ ಮೊದಲ ತಿಂಗಳ ರಿಟರ್ನ್ ತೆರೆದು, ವಹಿವಾಟಿನ ಜಾಗದಲ್ಲಿ ಸೊನ್ನೆ ಒತ್ತಿ, "ಸರಿನಾ ನೋಡಿ ಹೇಳಿ," ಎನ್ನುತ್ತಾಳೆ. ಅಕ್ಕ ಸರಿ ಎನ್ನುವುದಿಲ್ಲ. ಸಾಲು ಹಿಂದೆ ಬೆಳೆಯುತ್ತದೆ, ಯಾರೋ ಕೆಮ್ಮುತ್ತಾರೆ.

"ಸೊನ್ನೆ ಹೆಂಗಾಗುತ್ತೆ?" ಎಂದು ಅಕ್ಕ ಮೆಲ್ಲಗೆ ಕೇಳುತ್ತಾರೆ. "ನಾನೇನು ಸುಮ್ನೆ ಕೂತಿದ್ನಾ? ಎಂಟು ತಿಂಗಳು ಅವರನ್ನ ಮಗ್ಗುಲು ಬದಲಾಯಿಸಿ, ಮೈ ಒರೆಸಿ, ಊಟ ತಿನ್ನಿಸಿ, ಮತ್ತೆ ನಡೆಯೋ ಹಂಗೆ ಮಾಡಿದೀನಿ. ಅದನ್ನ ಎಲ್ಲಿ ಬರೆಯೋದು?"

ಕೌಂಟರಿನ ಹುಡುಗಿ ಕೀಲಿಮಣೆಯಿಂದ ಕೈ ತೆಗೆದು ನೋಟಿಸಣ್ಣನ ಮುಖ ನೋಡುತ್ತಾಳೆ. ಬೇಕರಿಯವರಿಗೆ ಹೇಳಿದಂಥ ಉಪಮೆ ಇವರಿಗೆ ಇಲ್ಲಿ ಸಿಗುವುದಿಲ್ಲ.

"ಅದಕ್ಕೆ ಇಲ್ಲಿ ಕಾಲಂ ಇಲ್ಲ ಅಕ್ಕ," ಎನ್ನುತ್ತಾರೆ ಕೊನೆಗೆ. "ಇದು ಅಂಗಡಿ ಸೊನ್ನೆ. ನಿಮ್ಮ ಸೊನ್ನೆ ಅಲ್ಲ."

ಅಕ್ಕ ಮುಂಗೈಯಿಂದ ಕಣ್ಣೊರೆಸಿಕೊಂಡು ತಲೆಯಾಡಿಸುತ್ತಾರೆ. ಎಂಟು ತಿಂಗಳ ಸೊನ್ನೆಗಳೂ ಒಂದೊಂದಾಗಿ ಒಳಗೆ ಹೋಗುತ್ತವೆ. ಕೊನೆಕೊನೆಗೆ ಹುಡುಗಿ ಕೇಳುವ ಮೊದಲೇ ಅಕ್ಕ "ಏನಿಲ್ಲಮ್ಮ" ಎನ್ನುತ್ತಾರೆ, ಸಾಲಿನವರೂ ನಗುತ್ತಾರೆ. ತಡವಾಗಿದ್ದಕ್ಕೆ ದಂಡ ಬೀಳುತ್ತದೆ, ನರ್ಸಿಂಗ್ ಹೋಂನ ಮುಂದಿನ ಬಿಲ್ಲಿನಲ್ಲಿ ತೀರುವಷ್ಟು. ಐದು ಗಂಟೆಗೆ ಮೊದಲೇ ಉತ್ತರ ಸ್ವೀಕಾರವಾಗಿ, ನೋಂದಣಿ ಉಳಿಯುತ್ತದೆ. ಅಕ್ಕ ರಸೀದಿ ಮಡಚಿಕೊಂಡು, ಬಾಕಿಯಿರುವ ಬೆಡ್‌ಶೀಟುಗಳು ನೆನಪಾಗಿ, ಹೇಳದೆ ಕೇಳದೆ ದಡಬಡನೆ ಹೊರಟೇಬಿಡುತ್ತಾರೆ.

ಸಂಜೆ ನೋಟಿಸಣ್ಣ ದಿನದ ವರದಿಯ ಹಾಳೆ ತುಂಬಿಸುತ್ತಾರೆ. ಅದರಲ್ಲಿ ಎರಡೇ ಕಾಲಂ: ಕೈಗೆ ಕೊಟ್ಟಿದ್ದು, ಬಾಗಿಲಿಗೆ ಅಂಟಿಸಿದ್ದು. ಅಕ್ಕನ ನೋಟಿಸಿಗೆ ಮೊದಲನೆಯದರಲ್ಲಿ ಒಂದು ಗೀಟು ಎಳೆದು, ಪೆನ್ನಿನ ಮುಚ್ಚಳ ಹಾಕುತ್ತಾರೆ. ಕೆಲಸದ ಬಗ್ಗೆ ನಮ್ಮ ಪತ್ರಿಕೆಗೆ ಒಂದು ಮಾತು ಹೇಳಿ ಎಂದರೆ ತಲೆ ಕೆರೆದುಕೊಳ್ಳುತ್ತಾರೆ.

"ಹೇಳೋಕೇನಿದೆ? ಇವತ್ತು ಒಂದು ಅಂಗಡಿ ಮುಚ್ಚಲಿಲ್ಲ. ಮುಚ್ಚದೇ ಇದ್ದದ್ದಕ್ಕೆ ನಮ್ಮ ಹಾಳೇಲೂ ಕಾಲಂ ಇಲ್ಲ. ಇರಲಿ ಬಿಡಿ, ನಂಗೊತ್ತಲ್ಲ."